ದೊರೆ ಹೋದ ಮೇಲೆ ದಫ್ತರ ಯಾರ ಕೈಗೆ?

ಸಿರಿಯಾದ ಅಧ್ಯಕ್ಷ ಬಷರ್ ಅಲ್ ಅಸಾದ್ 2024ರ ಡಿಸೆಂಬರ್ 8ರಂದು ದೇಶ ಬಿಟ್ಟು ಮಾಸ್ಕೋಗೆ ಪಲಾಯನ ಮಾಡಿದಾಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಮುಂದೆ ಗದ್ದುಗೆಯ ಮೇಲೆ ಕೂರುವವರು ಯಾರು? ಮೂರು ದಶಕ ಕಂದಾಯ ಆಡಳಿತದಲ್ಲಿ ಕಳೆದ ನನಗೆ ಇದು ಎರಡನೆಯ ಪ್ರಶ್ನೆಯಾಗಿ ಕಾಣುತ್ತದೆ. ಸಂಬಳ ನಿಂತ ಸಿಪಾಯಿ ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗುತ್ತಾನೆ, ಊರೂರಿನ ಲೆಕ್ಕದ ಕಡತ ಯಾರ ವಶದಲ್ಲಿರುತ್ತದೆ ಎಂಬುದು ಮೊದಲನೆಯದು. ಒಂದು ಪ್ರಭುತ್ವ ಕುಸಿದ ನಂತರದ ದಿನಗಳ ಸ್ವರೂಪ ತೀರ್ಮಾನವಾಗುವುದು ಬಹುಮಟ್ಟಿಗೆ ಇವೆರಡರಿಂದಲೇ.

ಈ ಮಾತಿಗೆ ಪುರಾವೆ ಬೇಕಾದರೆ ಪಶ್ಚಿಮ ಏಷ್ಯಾದವರೆಗೆ ಹೋಗಬೇಕಿಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಕೆಲಸ ಮಾಡಿದ ಕಾಲದಲ್ಲಿ, ಮಳೆಗಾಲದ ಸಂಜೆಗಳಲ್ಲಿ ಪ್ರವಾಸಿ ಮಂದಿರದಲ್ಲಿ ಕುಳಿತು ಬಿ.ಎಲ್. ರೈಸ್ ಅವರ ಗ್ಯಾಸೆಟಿಯರ್ ಓದುವುದು ನನಗೆ ರೂಢಿಯಾಗಿತ್ತು. ಬಳ್ಳಿಗಾವೆಯ ಶಾಸನಗಳಿಗೆ ಮನಸೋಲುವ ಪ್ರವಾಸಿಗರು ಈ ಸೀಮೆಯ ಹತ್ತೊಂಬತ್ತನೆಯ ಶತಮಾನವನ್ನು ಮರೆತೇಬಿಡುತ್ತಾರೆ. ಮೂವತ್ತೆರಡು ವರ್ಷಗಳ ಅಂತರದಲ್ಲಿ ಎರಡು ಬಾರಿ ಇಲ್ಲಿ ಪ್ರಭುತ್ವ ಕುಸಿಯಿತು. ಮೊದಲ ಸಲ ಹೊರಗಿನ ಸೈನ್ಯದ ಹೊಡೆತಕ್ಕೆ, ಎರಡನೆಯ ಸಲ ಒಳಗಿನ ದಂಗೆಗೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ವೀರನೋ ನಿರಂಕುಶನೋ ಎಂಬ ನಮ್ಮ ವಾರ್ಷಿಕ ಜಗಳಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ಅದು ಒಬ್ಬನೇ ವ್ಯಕ್ತಿಯ ಸುತ್ತ ಸುತ್ತುತ್ತಿದ್ದ ಆಡಳಿತವಾಗಿತ್ತು ಎಂಬುದನ್ನು ಉಭಯ ಪಕ್ಷದವರೂ ಒಪ್ಪಬಹುದು. ಗೆದ್ದ ಕಂಪನಿ ಸುಲ್ತಾನನ ಮಕ್ಕಳನ್ನು ವೆಲ್ಲೂರಿಗೆ ಕಳುಹಿಸಿ ವೇತನ ಗೊತ್ತುಮಾಡಿತು. ಸರದಾರ ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದಲ್ಲಿ ಜಹಗೀರು ದೊರೆಯಿತು. ಆದರೆ ಸಾಮಾನ್ಯ ಸಿಪಾಯಿಗೆ? ಅವನನ್ನು ಬರಿಗೈಯಲ್ಲಿ ಮನೆಗೆ ಕಳುಹಿಸಲಾಯಿತು.

ಆ ಗೊಂದಲದಲ್ಲೇ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದವನು ಚನ್ನಗಿರಿಯ ಧೋಂಡಿಯ ವಾಘ್. ಅವನಿಗೆ ರಾಜವಂಶದ ಹಿನ್ನೆಲೆ ಇರಲಿಲ್ಲ, ಖಜಾನೆಯಂತೂ ಇರಲೇ ಇಲ್ಲ. ಕೆಲಸ ಕಳೆದುಕೊಂಡ ಸಿಪಾಯಿಗಳು ಮಾತ್ರ ಕರೆದಲ್ಲಿಗೆ ಬರಲು ಸಿದ್ಧರಿದ್ದರು. ಕೆಲವೇ ವಾರಗಳಲ್ಲಿ ಬಿದನೂರು ಸೀಮೆ ಅವನ ಕೈಯಲ್ಲಿತ್ತು. ಆಗಸ್ಟ್‌ನಲ್ಲಿ ಶಿಕಾರಿಪುರದಲ್ಲಿ ಕಂಪನಿಯ ಪಡೆಗಳಿಗೆ ಸೋತು ಮರಾಠರ ಗಡಿ ದಾಟಿದನಾದರೂ ಮರುವರ್ಷ ಇನ್ನೂ ದೊಡ್ಡ ದಂಡಿನೊಡನೆ, ‘ಉಭಯ ಲೋಕಾಧೀಶ್ವರ’ನೆಂಬ ಬಿರುದು ಧರಿಸಿ, ಹಿಂತಿರುಗಿದ. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಅವನನ್ನು ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಬಳಿ ಮುಗಿಸಬೇಕಾಯಿತು.

2003ರ ಮೇ 23ರಂದು ಬಾಗ್ದಾದಿನಲ್ಲಿ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಒಂದೇ ಆದೇಶದಿಂದ ಇರಾಕಿನ ಇಡೀ ಸೈನ್ಯವನ್ನು ವಿಸರ್ಜಿಸಿದಾಗ ನನಗೆ ನೆನಪಾದದ್ದು ಈ ಧೋಂಡಿಯ. ಲಕ್ಷಾಂತರ ಮಂದಿ ಬಂದೂಕು ಬಲ್ಲವರು ರಾತ್ರಿ ಬೆಳಗಾಗುವುದರೊಳಗೆ ನಿರುದ್ಯೋಗಿಗಳಾದರು. ಮುಂದಿನದನ್ನು ಓದುಗರು ಬಲ್ಲರು.

ದಿವಾನ್ ಪೂರ್ಣಯ್ಯನವರಿಗೆ ಈ ಪಾಠ ಬೇಗ ಅರ್ಥವಾಯಿತು. ಅವರು ಸ್ವತಃ ಟಿಪ್ಪುವಿನ ಹಣಕಾಸು ಮಂತ್ರಿಯಾಗಿದ್ದವರು. ಹಳೆಯ ಆಡಳಿತದ ಲೆಕ್ಕವೇ ಅವರ ತಲೆಯಲ್ಲಿತ್ತು. ಸಾವಿರಾರು ಮಾಜಿ ಸೈನಿಕರನ್ನು ಕಂದಾಚಾರ ಪಡೆಗೂ ಸಿಲ್ಲೇದಾರ್ ಕುದುರೆ ದಳಕ್ಕೂ ಸೇರಿಸಿಕೊಂಡರು. ಯುದ್ಧಕ್ಕಿಂತ ಇದು ಅಗ್ಗದ ಬಾಬ್ತು ಎಂಬುದು ಅವರ ಎಣಿಕೆಯಾಗಿದ್ದಿರಬೇಕು. ಆದರೆ ಸೈನಿಕನ ಪ್ರಶ್ನೆ ಬಗೆಹರಿದರೂ ಲೆಕ್ಕದ ಪ್ರಶ್ನೆ ಉಳಿಯಿತು. 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ವರಾಹಗಳನ್ನು, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಕಂಪನಿಗೆ ತೆರಬೇಕಿತ್ತು. ಮಳೆ ಬರಲಿ ಬಿಡಲಿ, ಅಡಿಕೆಗೆ ಬೆಲೆ ಇರಲಿ ಇಲ್ಲದಿರಲಿ, ಈ ಮೊತ್ತ ಮಾತ್ರ ಸ್ಥಿರ.

ಪೂರ್ಣಯ್ಯನವರು 1811ರಲ್ಲಿ ನಿವೃತ್ತರಾದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ದರ್ಬಾರಿನ ಖರ್ಚು ಬೆಳೆಯಿತು. ಅದನ್ನು ತುಂಬಲು ‘ಶರತ್ತು’ ಪದ್ಧತಿ ಬಲಗೊಂಡಿತು. ಅಮಲ್ದಾರನು ಇಂತಿಷ್ಟು ವಸೂಲು ಮಾಡಿಕೊಡುವೆನೆಂದು ಕರಾರು ಬರೆದುಕೊಡಬೇಕು. ಕಡಿಮೆಯಾದರೆ ಕೈಯಿಂದ ತುಂಬಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ: ನಷ್ಟದ ಭಯವೆಲ್ಲ ಅಮಲ್ದಾರನ ಮೇಲೆ ಬಿದ್ದಾಗ ಅವನು ಅದನ್ನು ರೈತನ ಬೆನ್ನಿಗೆ ದಾಟಿಸುತ್ತಾನೆ. ನಗರ ಸೀಮೆಯಲ್ಲಿ ಇನ್ನೊಂದು ವಿಪರೀತವೂ ಸೇರಿತು. ಹಿಂದಿನ ಅಧಿಕಾರಿಗಳು ಕೊಟ್ಟಿದ್ದ ಕಂದಾಯದ ಮಾಫಿಗಳು ಮೋಸದವೆಂದು 1828ರ ಸುಮಾರಿಗೆ ಹೊಸ ಫೌಜುದಾರರು ಅನುಮಾನಿಸಿ ಬಾಕಿಯನ್ನು ಮತ್ತೆ ಕೇಳತೊಡಗಿದರು. ಸರ್ಕಾರ ಕೊಟ್ಟ ಕಾಗದವನ್ನು ಸರ್ಕಾರವೇ ಸುಳ್ಳೆಂದರೆ ರೈತ ಯಾರನ್ನು ನಂಬಬೇಕು?

1830ರ ಆಗಸ್ಟ್‌ನಲ್ಲಿ ರೈತರು ಬಸವಾಪಟ್ಟಣದಲ್ಲಿ ಸೇರಿದರು. ಗಮನಿಸಬೇಕಾದ ಸಂಗತಿಯೆಂದರೆ, ಅವರು ಮೊದಲು ಕರೆದದ್ದು ಕೂಟ, ಅಂದರೆ ಸಭೆ. ದೂರುಗಳನ್ನು ಕೇಳಿ ಎಂಬುದೇ ಅವರ ಬೇಡಿಕೆ. ಕೇಳುವವರು ಇಲ್ಲವೆಂದಾದಾಗ, ಕೆಳದಿ ವಂಶದ ವಾರಸುದಾರ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಮುಂದೆ ಬಂದರು. ರೈತರ ಕೂಟ ಪಾಳೆಯಗಾರರ ದಂಗೆಯಾಯಿತು. 1831ರ ಜೂನ್‌ನಲ್ಲಿ ಕಂಪನಿ ಸೈನ್ಯ ನಗರದ ಕೋಟೆಯನ್ನು ಹಿಡಿಯಿತು. ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮಹಾರಾಜರ ಕೈಯಿಂದ ಆಡಳಿತವನ್ನೇ ಕಿತ್ತುಕೊಂಡ.

ಹೀಗೆ ಅರಸೊತ್ತಿಗೆ ಕುಸಿಯಿತು. ಲಾಭ ಯಾರಿಗಾಯಿತು? ದಂಗೆ ಎದ್ದವರಿಗಲ್ಲ. ಬಿದನೂರಿನ ಪಟ್ಟಕ್ಕೆ ಹಕ್ಕುದಾರನೆಂದು ಮೆರೆದ ಬೂದಿ ಬಸವಪ್ಪ ಇತಿಹಾಸದ ಅಡಿಟಿಪ್ಪಣಿಯಾದ. ಲೆಕ್ಕದ ಕಡತವನ್ನು ಕೈಗೆತ್ತಿಕೊಳ್ಳಲು ಸಿದ್ಧವಾಗಿದ್ದ ಏಕೈಕ ಸಂಸ್ಥೆ ಕಂಪನಿ. ದೇಶವೂ ಅದರ ಪಾಲಾಯಿತು. 1834ರಲ್ಲಿ ಕಮಿಷನರ್ ಆದ ಮಾರ್ಕ್ ಕಬ್ಬನ್ ಮಾಡಿದ್ದರಲ್ಲಿ ಅದ್ಭುತವೇನೂ ಇರಲಿಲ್ಲ. ಶರತ್ತನ್ನು ಕೈಬಿಟ್ಟ, ಕಂದಾಯದ ಕಂತುಗಳನ್ನು ಸುಗ್ಗಿಗೆ ಹೊಂದಿಸಿದ, ರೈತ ಪೈರು ಕೊಯ್ಯುವ ಮುನ್ನವೇ ಸಾಹುಕಾರನ ಬಾಗಿಲಿಗೆ ಹೋಗುವುದು ಕಡಿಮೆಯಾಗಲೆಂದು, ಕ್ರಮೇಣ 769 ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ. ನಗರದ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ಬೀಸಿಕೊಂಡು ನಡೆದವನೂ ತೆರಿಗೆ ಕೊಡಬೇಕಿತ್ತಂತೆ! ರೈಸ್ ಇದನ್ನು ದಾಖಲಿಸಿರದಿದ್ದರೆ ನಾನೂ ನಂಬುತ್ತಿರಲಿಲ್ಲ.

ಈ ಸುಧಾರಣೆಗಳನ್ನು ಹೊಗಳುವವರು ಅದರ ಬೆಲೆಯನ್ನೂ ಹೇಳಬೇಕು. ತಾತ್ಕಾಲಿಕವೆಂದು ಆರಂಭವಾದ ಪರಕೀಯರ ನೇರ ಆಡಳಿತ ಐವತ್ತು ವರ್ಷ ನಡೆಯಿತು. 1834ರಲ್ಲೇ ಬೆಂಟಿಂಕ್‌ಗೆ ತನ್ನ ನಿರ್ಧಾರದ ಬಗ್ಗೆ ಅಳುಕು ಹುಟ್ಟಿ, ರಾಜ್ಯದ ಒಂದು ಭಾಗವನ್ನಾದರೂ ಮಹಾರಾಜರಿಗೆ ಹಿಂದಿರುಗಿಸಲು ಸೂಚಿಸಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಕಡತ ಒಮ್ಮೆ ಕೈಸೇರಿದರೆ ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ.

ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರಿಗೆ ಇದು ಓದದೆಯೇ ಗೊತ್ತಿತ್ತೇನೋ. 1942ರ ಸೆಪ್ಟೆಂಬರ್‌ನಲ್ಲಿ ಊರು ಸ್ವತಂತ್ರವೆಂದು ಸಾರಿದಾಗ ಅವರು ಮೊದಲು ಮಾಡಿದ ಕೆಲಸಗಳಲ್ಲೊಂದು, ಇಬ್ಬರು ಚಿಕ್ಕ ಹುಡುಗರನ್ನು ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ್ದು. ಅದು ಆಟವಾಗಿರಲಿಲ್ಲ. ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಅಲ್ಲಿನ ಘರ್ಷಣೆಯಲ್ಲಿ ಸತ್ತರು. 1943ರ ಮಾರ್ಚ್‌ನಲ್ಲಿ ಐವರು ಗ್ರಾಮಸ್ಥರು ಗಲ್ಲಿಗೇರಿದರು.

ಲಿಬಿಯಾದಲ್ಲಿ 2011ರ ಅಕ್ಟೋಬರ್‌ನಲ್ಲಿ ಗಡಾಫಿ ಹತನಾದ ಮೇಲೆ ಬಂದೂಕು ಹಿಡಿದ ಗುಂಪುಗಳು ಗುಂಪುಗಳಾಗಿಯೇ ಉಳಿದವು. 2014ರಿಂದ ದೇಶ ಎರಡು ಅಧಿಕಾರ ಕೇಂದ್ರಗಳ ನಡುವೆ ಒಡೆಯಿತು. ಸಿರಿಯಾದ ಹೊಸ ಅಧ್ಯಕ್ಷ ಅಹ್ಮದ್ ಅಲ್ ಶರಾ ಹಳೆಯ ಸೈನ್ಯವನ್ನು ವಿಸರ್ಜಿಸಿದ್ದಾರೆ. 2025ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಹಳೆಯ ಆಡಳಿತದ ಬಂದೂಕುಧಾರಿಗಳು ದಾಳಿಗಿಳಿದಾಗ ಅದಕ್ಕೆ ಪ್ರತೀಕಾರವಾಗಿ ನೂರಾರು ಅಲಾವಿ ನಾಗರಿಕರು ಹತ್ಯೆಯಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪರೋಕ್ಷ ಚುನಾವಣೆಯ ಮೂಲಕ ಹೊಸ ಜನಸಭೆಗೆ ಸದಸ್ಯರ ಆಯ್ಕೆ ನಡೆಯಿತು. ಮತದಾರರು ಬೆರಳೆಣಿಕೆಯ ಆಯ್ದವರು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಆ ಸಭೆಯಲ್ಲಿ ವರಮಾನ ಮತ್ತು ವೆಚ್ಚದ ಲೆಕ್ಕ ಓದಲಾಗುತ್ತದೆಯೇ ಎಂಬುದನ್ನು ನಾನು ಕಾದು ನೋಡುತ್ತೇನೆ.

ಏಕೆಂದರೆ ಮೈಸೂರಿನಲ್ಲೂ ಅಂಥದ್ದೇ ನಡೆಯಿತು. 1881ರ ಮಾರ್ಚ್‌ನಲ್ಲಿ ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಕರೆದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದರು. ಅವರೂ ಚುನಾಯಿತರಲ್ಲ, ಆಯ್ದವರೇ. ಅನುಕೂಲಸ್ಥ ರೈತರು, ವರ್ತಕರು. ತಾಲ್ಲೂಕಿಗೆ ಒಬ್ಬಿಬ್ಬರು ರೈತರಂತೆ ಕರೆ ಹೋಗಿತ್ತು, ಸೊರಬಕ್ಕೂ ಶಿಕಾರಿಪುರಕ್ಕೂ. ಬಸವಾಪಟ್ಟಣದ ಕೂಟ ಸೇರಿ ಆಗ ಐವತ್ತೊಂದು ವರ್ಷವಾಗಿತ್ತು. ದಿವಾನರು ಎದ್ದುನಿಂತು ಅವರ ಮುಂದೆ ರಾಜ್ಯದ ಜಮಾ ಖರ್ಚನ್ನು ಓದಿದರು.