ಮೇಣವೋ ಸೀಲಂಟೋ? ಕಾರು ನಿಲ್ಲುವ ಜಾಗ ನೋಡಿ

ಕಾರಿನ ಬಣ್ಣ ಕಾಪಾಡಲು ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಡಬ್ಬಿ ಸಿಗುತ್ತವೆ. ಒಂದರ ಮೇಲೆ 'ಕಾರ್ನೌಬಾ ವ್ಯಾಕ್ಸ್' ಎಂದಿರುತ್ತದೆ, ಇನ್ನೊಂದರ ಮೇಲೆ 'ಪೇಂಟ್ ಸೀಲಂಟ್' ಎಂದು. ಮಾರುವವರು ಎರಡಕ್ಕೂ ಹೇಳುವ ಮಾತು ಒಂದೇ: "ಹೊಳಪೂ ಬರುತ್ತೆ, ರಕ್ಷಣೆಯೂ ಆಗುತ್ತೆ ಸಾರ್." ಮಾತು ಸುಳ್ಳಲ್ಲ. ಆದರೆ ಎರಡರ ಸ್ವಭಾವ ಬೇರೆ, ಬಾಳಿಕೆ ಬೇರೆ. ಮುಂಬೈಯಲ್ಲಿ ಬಯಲಲ್ಲಿ ನಿಲ್ಲುವ ಕಾರಿಗೆ ಹೊಂದುವುದು ಪುಣೆಯ ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರಿಗೆ ಬೇಕೇ ಆಗದಿರಬಹುದು.

ಮೊದಲು, ನಾವು ಕಾಪಾಡಬೇಕಾದ್ದು ಏನನ್ನು? ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಗೀರು ಬಿದ್ದಾಗ ಪಾಲಿಶ್ ಮಾಡಿಸುತ್ತೇವಲ್ಲ, ಪ್ರತಿಸಲವೂ ಈ ಪದರವೇ ಒಂದಿಷ್ಟು ಸವೆಯುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಮೇಣವಾಗಲಿ ಸೀಲಂಟಾಗಲಿ ಇದರ ಮೇಲೆ ಕೂತು ಮೊದಲ ಪೆಟ್ಟನ್ನು ತಾನು ತಿನ್ನುತ್ತದೆ. ತಾನು ಸವೆದು ಕ್ಲಿಯರ್ ಕೋಟನ್ನು ಉಳಿಸುವುದೇ ಅದರ ಕೆಲಸ.

ಕೆಸುವಿನೆಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ಎಲ್ಲರೂ ನೋಡಿದ್ದೇವೆ. ಎಲೆಯ ಮೇಲಿರುವ ಸಹಜ ಮೇಣಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ಕಾರ್ನೌಬಾ ಕೂಡ ಎಲೆಯ ಮೇಣವೇ. ಈಶಾನ್ಯ ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರ, ಬಿಸಿಲಿಗೆ ತನ್ನ ನೀರು ಆರಿಹೋಗದಂತೆ ಎಲೆಗಳ ಮೇಲೆ ಇದನ್ನು ಹೊದ್ದುಕೊಳ್ಳುತ್ತದೆ. ಎಲೆ ಕಡಿದು, ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಜೇನುಮೇಣ ಸುಮಾರು 62 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಇದು ಕರಗಲು 82 ಡಿಗ್ರಿಯಾದರೂ ಬೇಕು. ಆದರೆ ಶುದ್ಧ ಕಾರ್ನೌಬಾ ಕಲ್ಲಿನಂತೆ ಗಟ್ಟಿ, ಕೈಯಲ್ಲಿ ಹಚ್ಚಲಾಗದು. ಹಾಗಾಗಿ ಎಣ್ಣೆ, ದ್ರಾವಕ, ಬೇರೆ ಮೇಣ ಬೆರೆಸಿ ಮೆದುಮಾಡುತ್ತಾರೆ. ಬೆರಕೆಯಾದ ಮೇಲೆ ಆ ತಾಳಿಕೆ ಅಷ್ಟು ಉಳಿಯುವುದಿಲ್ಲ. ಮೇ ತಿಂಗಳ ಬಿಸಿಲಲ್ಲಿ ಕಪ್ಪು ಬಾನೆಟ್ 70 ಡಿಗ್ರಿ ಮುಟ್ಟಬಲ್ಲದು. ಅಂಥಲ್ಲಿ ಮೇಣ ಒಂದು ತಿಂಗಳು, ಹೆಚ್ಚೆಂದರೆ ಎರಡು ತಿಂಗಳು ಬಾಳೀತು.

ಸೀಲಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ಪಾಲಿಮರ್. ಹಚ್ಚಿದ ಮೇಲೆ ಒಣಗುತ್ತ ಬಣ್ಣಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಿಸಿಲು, ಮಳೆ, ಶಾಂಪೂ ಮೂರನ್ನೂ ಮೇಣಕ್ಕಿಂತ ಚೆನ್ನಾಗಿ ತಡೆಯುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಇರುತ್ತದೆ. ಹೊಳಪಿನಲ್ಲಿ ಮಾತ್ರ ರುಚಿಭೇದ. ಮೇಣ ಹಾಕಿ ಉಜ್ಜಿದ ಕೆಂಪು ನೆಲದ ಆಳವಾದ ಮಿನುಗು ನೆನಪಿದೆಯಲ್ಲ, ಕಪ್ಪು, ಕಡುಗೆಂಪು ಕಾರಿಗೆ ಕಾರ್ನೌಬಾ ಕೊಡುವುದು ಅದನ್ನೇ. ಸೀಲಂಟಿನದು ಗಾಜಿನ ಹೊಳಪು, ಬಿಳಿ ಮತ್ತು ಬೆಳ್ಳಿ ಬಣ್ಣಕ್ಕೆ ಒಪ್ಪುತ್ತದೆ.

ಈಗ ಊರಿನ ಲೆಕ್ಕ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಜೊತೆಗೆ ಕಡಲ ಉಪ್ಪುಗಾಳಿ. ಮಳೆಯ ನಡುವೆ ಮತ್ತೆ ಮತ್ತೆ ಮೇಣ ಹಚ್ಚುವುದು ಆಗದ ಮಾತು. ಮೇ ಕೊನೆಯಲ್ಲಿ ಸೀಲಂಟ್ ಹಚ್ಚಿದರೆ ಮಳೆಗಾಲ ದಾಟಬಹುದು. ಚೆನ್ನೈಯವರು ಅಕ್ಟೋಬರ್ ಮಳೆಗೆ ಮುಂಚೆ, ಸೆಪ್ಟೆಂಬರಿನಲ್ಲೇ ಮುಗಿಸಲಿ. ದೆಹಲಿ, ಹೈದರಾಬಾದಿನಲ್ಲಿ ಬಯಲಲ್ಲಿ ನಿಲ್ಲುವ ಕಾರಿಗೂ ಸೀಲಂಟೇ ಸರಿ, ಬೇಸಿಗೆಗೆ ಮೊದಲು. ನೆರಳಲ್ಲಿ ನಿಂತು ವಾರಕ್ಕೊಮ್ಮೆ ಹೊರಡುವ ಕಾರಾದರೆ, ಭಾನುವಾರ ಕೈಯಾರೆ ಉಜ್ಜುವ ಹುರುಪೂ ಇದ್ದರೆ, ಮೇಣ ಧಾರಾಳವಾಗಿ ಸಾಕು. ಎರಡೂ ಬೇಕೆನ್ನುವವರು ಮೊದಲು ಸೀಲಂಟ್ ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಆಮೇಲೆ ಮೇಣ ಹಾಕಬೇಕು. ತಿರುಗಾಮುರುಗಾ ಮಾಡಿದರೆ ಮೇಣದ ಜಿಡ್ಡಿನ ಮೇಲೆ ಸೀಲಂಟ್ ಹಿಡಿಯುವುದಿಲ್ಲ. ಯಾವುದೇ ಆಗಲಿ, ಚೆನ್ನಾಗಿ ತೊಳೆದು ಒರೆಸಿದ ಕಾರಿಗೆ, ನೆರಳಲ್ಲಿ, ಬಾನೆಟ್ ತಣ್ಣಗಿದ್ದಾಗ ತೆಳುವಾಗಿ ಹಚ್ಚಿ.

ಎರಡರಿಂದಲೂ ಆಗದ ಕೆಲಸಗಳಿವೆ. ಹಕ್ಕಿ ಹಿಕ್ಕೆ ಬಿದ್ದರೆ ಇವು ಕೊಡುವುದು ಕೆಲವು ಗಂಟೆಗಳ ಅವಕಾಶ ಅಷ್ಟೆ. ಬಿಸಿಲಲ್ಲಿ ಒಣಗಲು ಬಿಟ್ಟರೆ ಕಲೆ ಕೂತೇ ಕೂರುತ್ತದೆ. ಇನ್ನು ಬಣ್ಣದ ದೊಡ್ಡ ಶತ್ರು ದಿನಾ ಬೆಳಿಗ್ಗೆಯ ಒರೆಸುವ ಬಟ್ಟೆ. ನಮ್ಮ ಸೊಸೈಟಿಗಳಲ್ಲಿ ತಿಂಗಳ ಸಂಬಳಕ್ಕೆ ಬರುವವರು ಒಂದೇ ಬಕೆಟ್ ನೀರಿನಲ್ಲಿ ಸಾಲು ಕಾರುಗಳನ್ನು ಒರೆಸಬೇಕು. ಹತ್ತನೇ ಕಾರಿಗೆ ಬರುವಾಗ ಆ ಬಟ್ಟೆಯಲ್ಲಿ ಒಂಬತ್ತು ಕಾರುಗಳ ಮಣ್ಣಿರುತ್ತದೆ. ಬಿಸಿಲಿಗೆ ಹಿಡಿದರೆ ಕಾಣುವ ಜೇಡರ ಬಲೆಯಂಥ ಗೀರುಗಳಲ್ಲಿ ಹೆಚ್ಚಿನವು ಹೀಗೇ ಬಂದವು. ತಪ್ಪು ಅವರದಲ್ಲ, ನೀರೂ ಹೊತ್ತೂ ಕೊಡದ ನಮ್ಮ ವ್ಯವಸ್ಥೆಯದು. ದಿನಾ ಒರೆಸುವ ಬದಲು ವಾರಕ್ಕೆರಡು ಸಲ ನೀರು ಹೊಯ್ದು ತೊಳೆಯಲು ಹೇಳಿ. ನಿಮ್ಮ ಕಾರಿಗೆಂದೇ ಎರಡು ಮೈಕ್ರೋಫೈಬರ್ ಬಟ್ಟೆ, ಕಾರ್ ಶಾಂಪೂ ಕೊಡಿ. ಪಾತ್ರೆ ತೊಳೆಯುವ ಸೋಪು ಮೇಣವನ್ನು ಕಿತ್ತು ಹಾಕುತ್ತದೆ. ಹೆಚ್ಚಿನ ಕೆಲಸಕ್ಕೆ ಸಂಬಳವನ್ನೂ ಒಂದಿಷ್ಟು ಹೆಚ್ಚಿಸಿ. ಸಾವಿರಾರು ರೂಪಾಯಿಯ ಲೇಪನಕ್ಕಿಂತ ಈ ಖರ್ಚು ಕಡಿಮೆ.

ಮತ್ತೆ ಯಾವಾಗ ಹಚ್ಚಬೇಕು? ಹಚ್ಚಿದ ವಾರದಲ್ಲಿ ಬಾನೆಟ್ ಮೇಲೆ ಒಂದು ಚೊಂಬು ನೀರು ಸುರಿದು, ಹನಿಗಳು ಹೇಗೆ ನಿಂತು ಜಾರುತ್ತವೆ ಎಂದು ಗಮನಿಸಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಕಾರು ತೊಳೆದ ಮೇಲೆ ಇದನ್ನೇ ಮಾಡಿ. ನೀರು ಹನಿಗಟ್ಟದೆ ಚಪ್ಪಟೆಯಾಗಿ ಹರಡಿ ಅಲ್ಲೇ ನಿಲ್ಲತೊಡಗಿದರೆ ಪದರ ಸವೆದಿದೆ ಎಂದರ್ಥ. ಡಬ್ಬಿ ತೆಗೆಯುವುದು ಆಗ.