ಆಪ್ ಫ್ರೀ, ಅಂಗಡಿ ಬಾಡಿಗೆ ಯಾರು ಕಟ್ಟೋದು?

"ನೀನೇ ಬರೆದ ಆಪ್ ತಾನೇ, ಅದಕ್ಕೇನು ಖರ್ಚು?" ಅಂತ ಕೇಳದ ನೆಂಟರೇ ಇಲ್ಲ. ಆಫೀಸ್ ಮುಗಿಸಿ ರಾತ್ರಿ ಕೂತು ಕೋಡ್ ಬರೆಯೋಕೆ ನಿದ್ದೆ ಬಿಟ್ಟರೆ ಸಾಕು, ನಿಜ. ಖರ್ಚು ಶುರುವಾಗೋದು ಅದನ್ನು ನಾಲ್ಕು ಜನರ ಫೋನಿಗೆ ತಲುಪಿಸಲು ಹೊರಟಾಗ.

ನನ್ನದು ಸ್ವಸಹಾಯ ಸಂಘಗಳ ಉಳಿತಾಯ, ಸಾಲದ ಲೆಕ್ಕ ಇಡುವ ಪುಟ್ಟ ಕನ್ನಡ ಆಪ್. ಅಮ್ಮನ ಸಂಘಕ್ಕೆಂದು ಮಾಡಿದ್ದು, ಈಗ ಪಕ್ಕದೂರಿನವರೂ ಬಳಸ್ತಾರೆ. ಜಾಹೀರಾತಿಲ್ಲ, ದುಡ್ಡೂ ಕೇಳಲ್ಲ. ಈ ಸಲ ಮನೆ ಬಜೆಟ್‌ಗೆ ಕೂತಾಗ ಅದರ ಲೆಕ್ಕವನ್ನೂ ಬರೆದೆ.

ಗೂಗಲ್ ಪ್ಲೇಯಲ್ಲಿ ಖಾತೆಗೆ 25 ಡಾಲರ್, ಜೀವನಕ್ಕೊಮ್ಮೆ. ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರ್, ಅಂದರೆ ಎಂಟು ಸಾವಿರ ರೂಪಾಯಿಗೂ ಮೇಲೆ. ಆಪ್ ಫ್ರೀ ಇದ್ದರೂ ರಿಯಾಯಿತಿ ಇಲ್ಲ. ಕಟ್ಟದಿದ್ದರೆ ಹೊಸಬರಿಗೆ ಆಪ್ ಸಿಗಲ್ಲ. ಐಫೋನ್ ಆಪ್ ಕಟ್ಟುವ ಎಕ್ಸ್‌ಕೋಡ್ ಓಡುವುದು ಮ್ಯಾಕ್‌ನಲ್ಲಿ ಮಾತ್ರ, ಅದರ ಬೆಲೆ ನಿಮಗೇ ಗೊತ್ತು.

ವಿಂಡೋಸ್‌ಗೂ ಕೊಡೋಣ ಅಂದರೆ, ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರ್ ಇಳಿಸಿಕೊಂಡವರಿಗೆ ಎಚ್ಚರಿಕೆಯ ಪರದೆ ಎದುರಾಗುತ್ತೆ. ಆ ಸಹಿಯ ಸರ್ಟಿಫಿಕೇಟ್‌ಗೆ ಬೇರೆ ಹಣ. 2023ರ ಜೂನ್‌ನಿಂದ ಅದರ ಕೀಲಿಯನ್ನು ಸುರಕ್ಷಿತ ಹಾರ್ಡ್‌ವೇರ್‌ನಲ್ಲೇ ಇಡಬೇಕು.

ಹಣದ ಜೊತೆ ಸಮಯವೂ ಹೋಗುತ್ತೆ. 2023ರ ನವೆಂಬರ್ 13ರ ನಂತರ ಪ್ಲೇಯಲ್ಲಿ ವೈಯಕ್ತಿಕ ಖಾತೆ ತೆರೆದವರು ಆಪ್ ಬಿಡುಗಡೆಗೆ ಮೊದಲು ಕನಿಷ್ಠ 12 ಜನರನ್ನು ಸತತ 14 ದಿನ ಪರೀಕ್ಷಕರಾಗಿ ಇಟ್ಟುಕೊಳ್ಳಬೇಕು. ಹೊಸ ಆಂಡ್ರಾಯ್ಡ್ ಬಂದಂತೆಲ್ಲ ಹಳೇ ಆಪನ್ನು ಅದಕ್ಕೆ ಹೊಂದಿಸುತ್ತಲೂ ಇರಬೇಕು.

"ಹಾಗಾದ್ರೆ ನೂರು ರೂಪಾಯಿ ಇಡು" ಅಂತಾನೆ ಗೆಳೆಯ. ಸಣ್ಣ ಡೆವಲಪರ್‌ಗಳಿಗೆ ಎರಡೂ ಕಂಪನಿಗಳು 2021ರಲ್ಲಿ ಕಮಿಷನ್ನನ್ನು ಶೇ. 30ರಿಂದ 15ಕ್ಕೆ ಇಳಿಸಿದವು. ಆ್ಯಪಲ್‌ನಲ್ಲಿ ಅದಕ್ಕೆ ಅರ್ಜಿ ಹಾಕಬೇಕು. ನೂರರಲ್ಲಿ ಶೇ. 18ರ ಜಿಎಸ್‌ಟಿ ಕಳೆದರೆ ಸುಮಾರು 85 ರೂಪಾಯಿ, ಕಮಿಷನ್ ಕಳೆದರೆ 72. ಆ 99 ಡಾಲರ್ ಹುಟ್ಟಲಿಕ್ಕೇ ಪ್ರತಿ ವರ್ಷ ಹೆಚ್ಚುಕಡಿಮೆ 120 ಹೊಸ ಗಿರಾಕಿಗಳು ಬೇಕು. ವಾರಕ್ಕೆ ಇಪ್ಪತ್ತು ರೂಪಾಯಿ ಉಳಿಸುವ ಅಮ್ಮಂದಿರ ಹತ್ತಿರ ನೂರು ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಸಂಘಗಳಲ್ಲಿ ಬಹುತೇಕ ಎಲ್ಲರದ್ದೂ ಆಂಡ್ರಾಯ್ಡ್. ಹಾಗಾಗಿ ಐಫೋನ್ ಆವೃತ್ತಿ ನಿಲ್ಲಿಸುತ್ತಿದ್ದೇನೆ. ಅದರಲ್ಲಿ ಲೆಕ್ಕ ಇಟ್ಟವರು ಕೆಲವರೇ, ಆದರೆ ಅದು ಇಡೀ ಸಂಘದ ದುಡ್ಡಿನ ಲೆಕ್ಕ. ಮೊದಲು ಅದನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳುವ ಬಟನ್ ಕೊಟ್ಟು, ಬ್ರೌಸರ್‌ನಲ್ಲೇ ಓಡುವ ಆವೃತ್ತಿ ತಯಾರಾದ ಮೇಲೆಯೇ ಅಂಗಡಿ ಮುಚ್ಚೋದು.

ನೀವೂ ಆಪ್ ಮಾಡುವ ಯೋಚನೆಯಲ್ಲಿದ್ದೀರಾ? ಮೂರನೇ ವರ್ಷದ ಖರ್ಚನ್ನು ಇವತ್ತೇ ಬರೆದಿಡಿ. ಮೊದಲ ವರ್ಷವನ್ನು ಉತ್ಸಾಹವೇ ದಾಟಿಸಿಬಿಡುತ್ತೆ.