ಗೃಹವಿಚಾರ: ನಂಬರಿಲ್ಲದವರ ಮೋಟಾರು ವಿಮೆ

ಕಳೆದ ತಿಂಗಳು ಮೈಸೂರಿನ ತಾಯಿಯೊಬ್ಬರು ನಮಗೊಂದು ಕಾಗದವನ್ನು ಬರೆದಿದ್ದರು. ಅವರ ಮಗಳು ಮದುವೆಯಾಗಿ ಗಂಡನೊಡನೆ ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನಕ್ಕೆ ಹೋಗಿ ಎಂಟು ತಿಂಗಳಾಗಿವೆ. ಅಳಿಯನು ಬೆಳಗ್ಗೆ ಕೆಲಸಕ್ಕೆ ಹೊರಟರೆ ಹಿಂದಿರುಗುವುದು ದೀಪ ಹಚ್ಚಿದ ಮೇಲೆಯೇ. ವಾರಕ್ಕೆ ಎರಡು ದಿನ ಅವನು ಮನೆಯಿಂದಲೇ ಕೆಲಸ ಮಾಡುವುದರಿಂದ ಆ ದಿನಗಳಲ್ಲಿ ಕಾರು ಮನೆಯಲ್ಲಿಯೇ ಇರುತ್ತದೆ. ಅಂಗಡಿಗೆ ಮೂರು ಮೈಲಿ, ವೈದ್ಯರಲ್ಲಿಗೆ ಏಳು ಮೈಲಿ. ನಡೆದು ಹೋಗುವ ದೂರವಲ್ಲ. ಮಗಳು ಊರಿನಲ್ಲಿ ಆರು ವರ್ಷ ಕಾರು ನಡೆಸಿದವಳು. ಅಲ್ಲಿಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ ಲೈಸೆನ್ಸು ಪಡೆದಿದ್ದಾಳೆ. ಆದರೆ ವಿಮೆಯ ಅರ್ಜಿಯಲ್ಲಿ "ಸೋಷಿಯಲ್ ಸೆಕ್ಯುರಿಟಿ ನಂಬರು" ಎಂದಿರುವ ಕಡೆ ಬರೆಯಲು ಆಕೆಗೆ ನಂಬರೇ ಇಲ್ಲ.

"ನಂಬರಿಲ್ಲದವರಿಗೆ ವಿಮೆ ಕೊಡುವುದಿಲ್ಲವೆಂದು ಯಾರೋ ಹೇಳಿದರಂತೆ. ನಿನ್ನ ಹೆಸರು ಬೇಡ, ನನ್ನ ಪಾಲಿಸಿ ಇದ್ದೇ ಇದೆ, ಹತ್ತಿರಕ್ಕೆ ತಾನೆ, ನಡೆಸಿಕೊಂಡು ಹೋಗು ಎಂದು ಅಳಿಯಂದಿರು ಹೇಳುತ್ತಾರಂತೆ. ಮಗಳಿಗೆ ಭಯ, ನನಗೆ ರಾತ್ರಿ ನಿದ್ರೆಯಿಲ್ಲ. ಏನು ಮಾಡತಕ್ಕದ್ದು?" ಎಂದು ಆ ತಾಯಿ ಕೇಳಿದ್ದಾರೆ.

ಇಂದು ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿರುವುದರಿಂದ ಈ ಪ್ರಶ್ನೆ ಒಬ್ಬ ತಾಯಿಯದಲ್ಲ. ಆದಕಾರಣ ಈ ತಿಂಗಳ ಪುಟವನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೇವೆ. ಮೊದಲು ಸಮಾಧಾನದ ಮಾತನ್ನು ಹೇಳುತ್ತೇವೆ: ಮೋಟಾರು ವಿಮೆ ಪಡೆಯುವವರಿಗೆ ಆ ನಂಬರು ಇರಲೇಬೇಕೆಂಬ ಕಾನೂನು ಅಲ್ಲಿಲ್ಲ. ಕಾನೂನು ಕೇಳುವುದು ವಿಮೆಯನ್ನೇ ಹೊರತು ನಂಬರನ್ನಲ್ಲ.

ಹಾಗಾದರೆ ಈ ನಂಬರು ಯಾವುದು? 1935ನೆಯ ಇಸವಿಯಲ್ಲಿ, ರೂಸ್‌ವೆಲ್ಟರು ಅಧ್ಯಕ್ಷರಾಗಿದ್ದಾಗ, ದುಡಿದವರಿಗೆ ಮುಪ್ಪಿನಲ್ಲಿ ಆಧಾರವಿರಲೆಂದು ಅಲ್ಲಿ ಒಂದು ಕಾನೂನಾಯಿತು. ಯಾರು ಎಷ್ಟು ಸಂಪಾದಿಸಿದರೆಂಬ ಲೆಕ್ಕವಿಡುವುದಕ್ಕಾಗಿ 1936ರಿಂದ ಒಬ್ಬೊಬ್ಬರಿಗೂ ಒಂಬತ್ತು ಅಂಕಿಗಳ ನಂಬರನ್ನು ಕೊಡತೊಡಗಿದರು. ಕಾಲಕ್ರಮದಲ್ಲಿ ಬ್ಯಾಂಕಿನವರು, ಸಾಲ ಕೊಡುವವರು, ಬಾಡಿಗೆಮನೆಯವರು ಎಲ್ಲರೂ ಅದನ್ನೇ ಕೇಳುವ ರೂಢಿ ಬಂದಿತು. ಮೂಲದಲ್ಲಿ ಅದು ದುಡಿಮೆಯ ಲೆಕ್ಕವಾದುದರಿಂದ, ದುಡಿಯಲು ಅನುಮತಿಯಿಲ್ಲದವರಿಗೆ ಸಾಮಾನ್ಯವಾಗಿ ದೊರೆಯದು. ಎಚ್-1ಬಿ ವೀಸಾದಲ್ಲಿ ಹೋದ ಗಂಡನಿಗೆ ದೊರೆಯುತ್ತದೆ. ಎಚ್-4 ವೀಸಾದಲ್ಲಿ ಜೊತೆಗೆ ಹೋದ ಪತ್ನಿಗೆ ಇಲ್ಲ. 2015ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಿಯಮದಂತೆ, ಗಂಡನ ಶಾಶ್ವತವಾಸದ ಅರ್ಜಿಯು ಒಂದು ಘಟ್ಟವನ್ನು ಮುಟ್ಟಿದ್ದರೆ ಪತ್ನಿಗೂ ಕೆಲಸದ ಅನುಮತಿ, ಅದರೊಡನೆ ನಂಬರು, ಸಿಕ್ಕುವುದುಂಟು. ಓದಲು ಹೋದ ವಿದ್ಯಾರ್ಥಿಗೂ ಕೆಲಸವೊಂದು ಗೊತ್ತಾಗುವವರೆಗೆ ನಂಬರಿಲ್ಲ. ಆದುದರಿಂದ ನಂಬರಿಲ್ಲದಿರುವುದು ಅಪರಾಧವಲ್ಲ, ಅವಮಾನವೂ ಅಲ್ಲ.

ವಿಮಾ ಕಂಪೆನಿಯವರು ಅದನ್ನೇಕೆ ಕೇಳುತ್ತಾರೆ? ಅರ್ಜಿದಾರರು ಇಂಥವರೇ ಎಂದು ಗುರುತಿಸುವುದಕ್ಕೆ. ಹಿಂದೆ ಅಪಘಾತ ಮಾಡಿ ಪರಿಹಾರ ಪಡೆದಿದ್ದರೆ ತಿಳಿಯುವುದಕ್ಕೆ. ಸಾಲವನ್ನು ಸರಿಯಾಗಿ ತೀರಿಸುವವರೇ ಎಂದು ನೋಡುವುದಕ್ಕೆ. ಈ ಮೂರನೆಯದರ ಮೇಲೆ ಅಲ್ಲಿಯ ಬಹುಪಾಲು ಸಂಸ್ಥಾನಗಳಲ್ಲಿ ವಿಮೆಯ ದರವು ಏರಿಳಿಯುತ್ತದೆ. ಆದರೆ ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ಹವಾಯಿ ಈ ಮೂರರಲ್ಲಿ ಸಾಲದ ಇತಿಹಾಸವನ್ನು ನೋಡಿ ಮೋಟಾರು ವಿಮೆಯ ದರ ಕಟ್ಟಕೂಡದು. ಕ್ಯಾಲಿಫೋರ್ನಿಯಾದ ಜನರು 1988ರಲ್ಲಿ ತಮ್ಮ ಮತದಿಂದಲೇ ಒಂದು ಕಾನೂನನ್ನು ಮಾಡಿಕೊಂಡು, ತಪ್ಪಿಲ್ಲದೆ ನಡೆಸಿದ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿಗಳು, ನಡೆಸಿದ ವರ್ಷಗಳ ಅನುಭವ, ಇವೇ ದರಕ್ಕೆ ಮುಖ್ಯ ಆಧಾರವೆಂದು ಗೊತ್ತುಮಾಡಿದರು. ಆದುದರಿಂದ ಸಾಲದ ಇತಿಹಾಸವಿಲ್ಲವೆಂಬ ಕಾರಣಕ್ಕೆ ನಮ್ಮ ಸೋದರಿಯ ಮಗಳಿಂದ ಹೆಚ್ಚು ಕಂತನ್ನು ಕೇಳುವಂತಿಲ್ಲ. ಟೆಕ್ಸಾಸ್, ನ್ಯೂಜೆರ್ಸಿ ಮೊದಲಾದ ಕಡೆ ಇರುವವರಾದರೋ, ಮೊದಲ ವರ್ಷ ಸ್ವಲ್ಪ ಹೆಚ್ಚು ತೆರಬೇಕಾಗಿ ಬಂದರೆ ಎದೆಗುಂದದೆ, ನವೀಕರಿಸುವ ಹೊತ್ತಿಗೆ ದರವನ್ನು ಮತ್ತೆ ನೋಡಿರೆಂದು ಕೇಳಬೇಕು.

ಇನ್ನು ಮಾಡತಕ್ಕ ಕೆಲಸ. ವಿಮೆಗೆ ನಂಬರಿಗಿಂತ ಮುಖ್ಯವಾದುದು ಲೈಸೆನ್ಸು. ಊರಿನ ಲೈಸೆನ್ಸನ್ನು ನೆಚ್ಚಿಕೊಂಡು ಬಹುಕಾಲ ಇರಲಾಗದು. ಕ್ಯಾಲಿಫೋರ್ನಿಯಾದಲ್ಲಿ ನೆಲಸಿದವರು 10 ದಿನಗಳೊಳಗೆ ಅಲ್ಲಿಯ ಲೈಸೆನ್ಸಿಗೆ ಅರ್ಜಿ ಹಾಕಬೇಕು. ನಂಬರಿಗೆ ಅರ್ಹರಲ್ಲದವರಿಗೂ ಅಲ್ಲಿ ಲೈಸೆನ್ಸು ಕೊಡುತ್ತಾರೆ. ಬೇರೆ ಕೆಲವು ಸಂಸ್ಥಾನಗಳಲ್ಲಿ "ಇವರು ನಂಬರಿಗೆ ಅರ್ಹರಲ್ಲ" ಎಂಬ ಪತ್ರವನ್ನು ಸೋಷಿಯಲ್ ಸೆಕ್ಯುರಿಟಿ ಕಚೇರಿಯಿಂದಲೇ ತರಹೇಳುವುದುಂಟು. ಅದನ್ನು ನಿರಾಕರಣೆಯೆಂದು ತಿಳಿದು ಹರಿದು ಹಾಕಬಾರದು; ಅದೇ ದಾರಿ ತೆರೆಯುವ ಕಾಗದ.

ಲೈಸೆನ್ಸು ಬಂದ ಮೇಲೆ, ಗಣಕದ ಅರ್ಜಿಯು ನಂಬರಿಲ್ಲದೆ ಮುಂದೆ ಸಾಗದಿದ್ದರೆ ಅಲ್ಲಿಗೇ ಕೈಬಿಡದೆ, ಹಲವು ಕಂಪೆನಿಗಳ ಪರವಾಗಿ ವ್ಯವಹರಿಸುವ ಏಜೆಂಟರೊಬ್ಬರನ್ನು ಮುಖತಃ ಕಾಣಬೇಕು. ಪಾಸ್‌ಪೋರ್ಟು, ವೀಸಾ, ಲೈಸೆನ್ಸು, ಮನೆಯ ಬಾಡಿಗೆ ಕರಾರು, ಕಾರಿನ ನೋಂದಣಿ ಪತ್ರ ಇವು ಕೈಯಲ್ಲಿರಲಿ. ಊರಿನಲ್ಲಿ ಕಾರು ಇದ್ದವರು ಹಳೆಯ ವಿಮೆಯವರಿಂದ ನೋ ಕ್ಲೇಮ್ ಬೋನಸ್ಸಿನ ಪತ್ರವನ್ನು ತರಿಸಿಕೊಳ್ಳಲಿ. ನಮ್ಮ ದೇಶದಲ್ಲಿ ಪರಿಹಾರ ಕೇಳದೆ ಐದು ವರ್ಷ ಕಳೆದವರಿಗೆ ಶೇಕಡಾ 50ರ ರಿಯಾಯಿತಿಯಿದೆಯಷ್ಟೆ. ಆ ಪತ್ರವು ಶುದ್ಧ ಚಾಲನೆಗೆ ಸಾಕ್ಷಿ. ಎಲ್ಲ ಕಂಪೆನಿಗಳೂ ಅದನ್ನು ಮನ್ನಿಸುವುದಿಲ್ಲ. ಮನ್ನಿಸುವವರು ಸಿಕ್ಕಿದರೆ ಲಾಭ, ಸಿಕ್ಕದಿದ್ದರೆ ನಷ್ಟವೇನೂ ಇಲ್ಲ.

ನಂಬರಿಗೆ ಬದಲಾಗಿ ಐಟಿಐಎನ್ ಎಂಬ ಇನ್ನೊಂದು ನಂಬರನ್ನು ಕೆಲವರು ಹೇಳುತ್ತಾರೆ. ಅದು ಆದಾಯ ತೆರಿಗೆಯವರು 1996ರಿಂದ ಕೊಡುತ್ತಿರುವ, 9ರಿಂದ ಮೊದಲಾಗುವ ಒಂಬತ್ತು ಅಂಕಿಗಳ ನಂಬರು, ತೆರಿಗೆಗಾಗಿಯೇ ಹುಟ್ಟಿದ್ದು. ಇದ್ದರೆ ತೋರಿಸಬಹುದು, ವಿಮೆಯ ಸಲುವಾಗಿ ಅದನ್ನು ಅರಸಿಕೊಂಡು ಅಲೆಯಬೇಕಾದುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಾಗ ಖಾಲಿಯಿದೆಯೆಂದು ಬೇರೆಯವರ ನಂಬರನ್ನಾಗಲಿ ಕಲ್ಪಿತ ಅಂಕಿಗಳನ್ನಾಗಲಿ ತುಂಬಲೇಬಾರದು. ಸುಳ್ಳಿನ ಮೇಲೆ ನಿಂತ ಪಾಲಿಸಿಯು ಬೇಕಾದ ದಿನವೇ ಕುಸಿಯುತ್ತದೆ.

ಅಳಿಯಂದಿರ ಮಾತಿಗೂ ಇದೇ ನ್ಯಾಯ ಸಲ್ಲುತ್ತದೆ. ಎಂದೋ ಒಂದು ದಿನ ಕಾರನ್ನು ಎರವಲು ಪಡೆದ ಸ್ನೇಹಿತನ ಮಾತು ಬೇರೆ. ಒಂದೇ ಮನೆಯಲ್ಲಿದ್ದು ಕಾರು ನಡೆಸುವವರೆಲ್ಲರ ಹೆಸರನ್ನೂ ತಿಳಿಸಬೇಕೆಂದು ಕಂಪೆನಿಗಳು ಕೇಳುತ್ತವೆ. ಪತ್ನಿಯ ಹೆಸರನ್ನು ಮರೆಮಾಚಿದಲ್ಲಿ, ಅಪಘಾತವಾದಾಗ ಹಣ ಕೊಡಲು ತಕರಾರು ತೆಗೆಯಬಹುದು, ಪಾಲಿಸಿಯನ್ನೇ ರದ್ದುಮಾಡಬಹುದು. ಹೆಸರು ಸೇರಿಸುವುದರಿಂದ ಕಂತು ಏರೀತೆಂಬ ಲೆಕ್ಕಾಚಾರ ನಮಗೆ ಅರ್ಥವಾಗುತ್ತದೆ. ಆದರೆ ಉಳಿಸುವುದು ತಿಂಗಳಿಗೆ ಕೆಲವು ಡಾಲರು. ಪಣಕ್ಕಿಡುವುದು ಇಡೀ ಸಂಸಾರವನ್ನು. ಗಂಡನಿಗೆ ನಂಬರಿದೆ, ಪಾಲಿಸಿಯೂ ಇದೆ. ಅದರಲ್ಲಿಯೇ ಪತ್ನಿಯ ಹೆಸರನ್ನೂ ಲೈಸೆನ್ಸಿನ ಸಂಖ್ಯೆಯನ್ನೂ ಸೇರಿಸಿದರೆ, ಸಾಮಾನ್ಯವಾಗಿ ಕೆಲಸ ಅಷ್ಟಕ್ಕೇ ಮುಗಿಯುತ್ತದೆ.

ಎಷ್ಟು ಮೊತ್ತದ ವಿಮೆ ಬೇಕೆಂಬುದನ್ನೂ ಹೇಳುತ್ತೇವೆ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಕನಿಷ್ಠ ಹೊಣೆ, ಒಬ್ಬರ ಗಾಯಕ್ಕೆ 30,000 ಡಾಲರು, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೆ 60,000, ಇತರರ ಸ್ವತ್ತಿಗೆ 15,000. ಇದಕ್ಕೆ ಮೊದಲು ಇದು 15,000, 30,000 ಮತ್ತು 5,000 ಇದ್ದಿತು. ಆ ದೇಶದ ಆಸ್ಪತ್ರೆಯ ಖರ್ಚನ್ನು ಬಲ್ಲವರು ಹೆಚ್ಚಿದ ಈ ಮೊತ್ತವನ್ನೂ ಸಾಲದೆಂದೇ ಹೇಳುವರು. ಕೈಲಾದರೆ ಮೇಲಿನ ಮೊತ್ತವನ್ನು ಆರಿಸಿಕೊಳ್ಳುವುದು ವಿವೇಕ. ಇನ್ನೊಂದು ಮಾತು: 1996ರಲ್ಲಿ ಅಲ್ಲಿ ಜನಮತದಿಂದಾದ ಕಾನೂನಿನಂತೆ, ವಿಮೆಯಿಲ್ಲದೆ ತನ್ನ ಕಾರನ್ನು ನಡೆಸುವವನಿಗೆ ಬೇರೆಯವನೇ ಬಂದು ಡಿಕ್ಕಿ ಹೊಡೆದರೂ, ಪಟ್ಟ ನೋವು ಸಂಕಟಗಳಿಗಾಗಿ ಪರಿಹಾರ ಕೇಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಹೊಡೆಸಿಕೊಂಡವನೇ ಬರಿಗೈಯಲ್ಲಿ ನಿಲ್ಲಬೇಕಾದೀತು.

ಅಲ್ಲಿ ವಾಸದ ಕಾಗದಪತ್ರಗಳಿಲ್ಲದ ಅನ್ಯದೇಶೀಯರೂ ಬಹು ಮಂದಿಯಿದ್ದಾರೆ. ಅವರಿಗೂ ಕ್ಯಾಲಿಫೋರ್ನಿಯಾ ಸರ್ಕಾರವು 2015ರ ಜನವರಿಯಿಂದ ಲೈಸೆನ್ಸು ಕೊಡುತ್ತಿದೆ. ಆ ಲೈಸೆನ್ಸಿನ ಮೇಲೆ ವಿಮೆಯೂ ದೊರೆಯುತ್ತದೆ. ವರಮಾನ ಕಡಮೆಯಿದ್ದು ಚಾಲನೆಯ ದಾಖಲೆ ಶುದ್ಧವಾಗಿರುವವರಿಗೆ ಸುಲಭ ದರದ ವಿಮೆಯ ಏರ್ಪಾಡೊಂದನ್ನೂ ಆ ಸಂಸ್ಥಾನವು ಮಾಡಿದೆ. ರಸ್ತೆಯಲ್ಲಿ ಎದುರಾಗುವವನ ಬಳಿ ವಿಮೆಯಿರುವುದು ಎಲ್ಲರ ಕ್ಷೇಮಕ್ಕೂ ಬೇಕಾದುದೆಂಬುದೇ ಇದರ ತಾತ್ಪರ್ಯ.

ಮೈಸೂರಿನ ಸೋದರಿಯವರು ಈ ಪುಟವನ್ನು ಮಗಳಿಗೆ ಮಾತ್ರವಲ್ಲ, ಅಳಿಯಂದಿರಿಗೂ ಕಳುಹಿಸಲಿ. ಹೊಸ ದೇಶಕ್ಕೆ ಹೋದ ಹೆಣ್ಣುಮಗಳಿಗೆ ಕೆಲಸವಿಲ್ಲ, ಸಂಬಳವಿಲ್ಲ, ಲೆಕ್ಕದ ಪುಸ್ತಕದಲ್ಲಿ ನಂಬರೂ ಇಲ್ಲ. ವಿಮೆಯ ಕಾಗದದಲ್ಲಾದರೂ ಆಕೆಯ ಹೆಸರು ಗಂಡನ ಹೆಸರಿನ ಪಕ್ಕದಲ್ಲಿರಲಿ. ಆ ಒಂದು ಸಾಲಿನ ಬಲದಿಂದ ಆಕೆ ಭಯವಿಲ್ಲದೆ ಅಂಗಡಿಗೆ ಹೋಗಿ ಬರುವಳು. ಇತ್ತ ತಾಯಿಯೂ ನೆಮ್ಮದಿಯಾಗಿ ನಿದ್ರೆ ಮಾಡುವಳು.